ಎರಡನೆಯ ಸರದಿಯ ಪಂದ್ಯ

ಬಾಗಿಲನ್ನು ಯಾರೋ ತಟ್ಟಿದರು. ಕರೆಗಂಟೆ ಕೈಗೆ ಸಿಗುವಂತಿದ್ದರೂ ಅದನ್ನು ಒತ್ತದೆ, ಒಳಗಿರುವ ಒಬ್ಬರಿಗೆ ಮಾತ್ರ ಕೇಳಿಸಿದರೆ ಸಾಕೆಂಬಂತೆ ಮೆಲ್ಲಗೆ ತಟ್ಟಿದರು.

ಶ್ರೀಪ್ರಿಯಾ ಟಿ.ವಿ.ಯ ಸದ್ದು ತಗ್ಗಿಸಿ ಎದ್ದಳು. ಚೆನ್ನೈ ಮೈಲಾಪೂರಿನ ಆ ಹಳೆಯ ಫ್ಲ್ಯಾಟಿಗೆ ಅಷ್ಟು ಹೊತ್ತಿನಲ್ಲಿ ಬರುವವರು ಯಾರೂ ಇರಲಿಲ್ಲ. ಬರುವವನು ಒಬ್ಬನೇ, ಅವನು ಆಗಲೇ ಒಳಗಿದ್ದ. ಚಿಕ್ಕಮ್ಮನ ಮಗ ಸಮೀರ್ ಊಟದ ಮೇಜಿನ ಮುಂದೆ ಮೊಸರನ್ನದ ಕೊನೆಯ ತುತ್ತುಗಳಲ್ಲಿದ್ದ. ಅವಳ ತಾಯಿ ಕೌಸಲ್ಯಾ ಅವನ ತಟ್ಟೆಗೆ ಇನ್ನೊಂದು ಮಜ್ಜಿಗೆ ಮೆಣಸಿನಕಾಯಿ ಹಾಕುತ್ತಿದ್ದರು.

ಬಾಗಿಲಾಚೆ ನಿಂತಿದ್ದವನು ಮಿಥುನ್. ಅವಳ ವಾಹಿನಿಯಲ್ಲಿ ಫುಟ್‌ಬಾಲ್ ಪಂದ್ಯಗಳಿಗೆ ತಮಿಳಿನಲ್ಲಿ ವೀಕ್ಷಕ ವಿವರಣೆ ಕೊಡುವವನು. ಇಡೀ ಪಂದ್ಯ ಉಸಿರು ಬಿಡದೆ ಮಾತಾಡಬಲ್ಲ ಆ ಮನುಷ್ಯ ಈಗ ಬಾಯಿ ತೆರೆದು, ಹಾಗೆಯೇ ಮುಚ್ಚಿದ. ಅವನ ಕಣ್ಣು ಅವಳ ಭುಜದ ಮೇಲಿಂದ ಒಳಗೆ ಹಾಯ್ದು ಊಟದ ಮೇಜನ್ನು ಕಂಡಿತು. ಅಲ್ಲಿಯೇ ನಿಂತಿತು.

"ಮೇಡಂ, ಇನ್ನು ನಿಮ್ಮ ಪಂದ್ಯ ಯಾವುದು ಅಂತ ಯಾರಿಗೂ ಹೇಳ್ಬೇಡಿ," ಎಂದ ತೀರ ತಗ್ಗಿದ ದನಿಯಲ್ಲಿ. "ನನಗೂ ಹೇಳ್ಬೇಡಿ."

"ಏನಾಯ್ತು ಮಿಥುನ್?"

"ನಾಳೆ ಬೆಳಿಗ್ಗೆ ಮಾವನ ಹೋಟೆಲಿಗೆ ಬನ್ನಿ. ಒಬ್ರೇ ಬನ್ನಿ."

ಹೆಲ್ಮೆಟ್ಟನ್ನು ತಲೆಗೇರಿಸಿಕೊಳ್ಳುತ್ತಲೇ ಅವನು ಮೆಟ್ಟಿಲಿಳಿದ.

"ಯಾರು ಪ್ರಿಯಕ್ಕಾ?" ಸಮೀರ್ ತಟ್ಟೆಯಿಂದ ತಲೆ ಎತ್ತದೆ ಕೇಳಿದ.

"ಆಫೀಸಿನವರು."

"ಈ ಹೊತ್ತಲ್ಲಾ? ಒಳಗೆ ಕರೀಬೇಕಿತ್ತಲ್ಲೇ, ಪಾವಂ," ಎಂದರು ಕೌಸಲ್ಯಾ.

ಶ್ರೀಪ್ರಿಯಾ ಬಾಗಿಲಿಗೆ ಚಿಲಕ ಹಾಕಿದಳು. ಆ ಚಿಲಕವನ್ನು ಅವಳು ಸಾಮಾನ್ಯವಾಗಿ ಸಮೀರ್ ಹೊರಟ ಮೇಲೆ ಹಾಕುತ್ತಿದ್ದಳು.

*

ಅವಳ ಕೆಲಸವನ್ನು ಒಂದು ಮಾತಿನಲ್ಲಿ ಹೇಳುವುದು ಸುಲಭ. ಯೂರೋಪಿನ ಲೀಗೊಂದರ ಯಾವ ಪಂದ್ಯವನ್ನು ತಮಿಳುನಾಡು ಟಿ.ವಿ.ಯಲ್ಲಿ ನೋಡಬೇಕು ಎಂಬುದನ್ನು ಅವಳು ನಿರ್ಧರಿಸುತ್ತಿದ್ದಳು. ವಾಹಿನಿಯ ಹೆಸರು ಕರೈ ಸ್ಪೋರ್ಟ್ಸ್. ಕಚೇರಿ ಎಗ್ಮೋರಿನಲ್ಲಿ, ರೈಲು ನಿಲ್ದಾಣದ ಹಿಂದಿನ ಬೀದಿಯಲ್ಲಿ.

ಆ ಲೀಗಿನ ಒಂದು ಸುತ್ತಿನಲ್ಲಿ ಹತ್ತು ಪಂದ್ಯಗಳು. ಮೊಬೈಲ್ ಆ್ಯಪಿನಲ್ಲಿ ಎಲ್ಲವೂ ಸಿಗುತ್ತವೆ. ಆದರೆ ಟಿ.ವಿ.ಯಲ್ಲಿ, ತಮಿಳು ವಿವರಣೆಯೊಂದಿಗೆ, ಒಂದು ವಾಹಿನಿಗೆ ಒಂದೇ ಪಂದ್ಯ. ಹಕ್ಕು ಪಡೆದ ವಾಹಿನಿಗಳು ಎರಡು. ಒಂದು ಸುತ್ತಿನಲ್ಲಿ ಕರೈ ಮೊದಲು ಆರಿಸಿದರೆ, ಮುಂದಿನ ಸುತ್ತಿನಲ್ಲಿ ಎದುರಾಳಿ ವಾಹಿನಿ ಮೊದಲು ಆರಿಸುತ್ತದೆ. ಮೊದಲ ಸರದಿಯವರು ಮುಟ್ಟಿದ ಪಂದ್ಯವನ್ನು ಎರಡನೆಯವರು ಮುಟ್ಟುವಂತಿಲ್ಲ. ಇದೆಲ್ಲ ಪಂದ್ಯಕ್ಕೆ ಮೂರು ವಾರ ಮೊದಲೇ ಮುಗಿಯಬೇಕು. ಆಗ ಯಾವ ಆಟಗಾರನ ಕಾಲು ನೆಟ್ಟಗಿರುತ್ತದೆ, ಯಾವ ತಂಡ ಅಷ್ಟರಲ್ಲಿ ಮುಳುಗಿರುತ್ತದೆ ಎಂಬುದು ಯಾರಿಗೂ ಗೊತ್ತಿರುವುದಿಲ್ಲ.

ಎದುರಾಳಿಗಳ ಪದ್ಧತಿ ಸರಳವಾಗಿತ್ತು. ದೊಡ್ಡ ಕ್ಲಬ್ಬಿನ ಹೆಸರು ಕಂಡರೆ ಸಾಕು, ಎತ್ತಿಕೊಳ್ಳುತ್ತಿದ್ದರು. ಶ್ರೀಪ್ರಿಯಾ ಹೆಸರನ್ನು ಕೊನೆಯಲ್ಲಿ ನೋಡುವವಳು. ಆ ವಾರದ ಮಧ್ಯದಲ್ಲಿ ದೊಡ್ಡ ಕ್ಲಬ್ಬಿಗೆ ಬೇರೆ ಕಪ್ ಪಂದ್ಯವಿದ್ದರೆ ತರಬೇತುದಾರ ಹೆಸರಾಂತ ಆಟಗಾರರನ್ನು ಬೆಂಚಿನ ಮೇಲೆ ಕೂರಿಸುತ್ತಾನೆ; ಮೈದಾನಕ್ಕಿಳಿಯದ ಮುಖವನ್ನು ಟಿ.ವಿ.ಯಲ್ಲಿ ತೋರಿಸುವುದು ಹೇಗೆ? ಅದೇ ಹೊತ್ತಿಗೆ ಭಾರತದ ಕ್ರಿಕೆಟ್ ಪಂದ್ಯವಿದ್ದರೆ ಯಾವ ಫುಟ್‌ಬಾಲೂ ಉಳಿಯುವುದಿಲ್ಲ. ಮರುದಿನ ರಜೆಯಿದ್ದರೆ ಚೆನ್ನೈನ ಫುಟ್‌ಬಾಲ್ ಹುಚ್ಚಿನ ಬಡಾವಣೆ ವ್ಯಾಸರ್ಪಾಡಿಯ ಹುಡುಗರು ಬೆಳಗಿನ ಜಾವದವರೆಗೂ ಎಚ್ಚರವಿರುತ್ತಾರೆ. ಕೆಲಸದ ದಿನವಾದರೆ ಮೊದಲರ್ಧಕ್ಕೇ ಮಲಗುತ್ತಾರೆ. ಇವನ್ನೆಲ್ಲ ತೂಗಿ ಅವಳು ಎರಡನೆಯ ಸರದಿಯಲ್ಲಿಯೂ ಯಾರೂ ಕಣ್ಣೆತ್ತಿ ನೋಡದ ಪಂದ್ಯವನ್ನು ಹೆಕ್ಕುತ್ತಿದ್ದಳು. ಮೂರು ವಾರಗಳ ನಂತರ ಆ ಪಂದ್ಯವೇ ಊರಿನ ಮಾತಾಗುತ್ತಿತ್ತು.

ಇತ್ತೀಚೆಗೆ ಹಾಗಾಗುತ್ತಿರಲಿಲ್ಲ. ಕಳೆದ ಕೆಲವು ಸಲ ಎದುರಾಳಿಗಳ ಸರದಿ ಮೊದಲು ಬಂದಾಗಲೆಲ್ಲ, ಅವಳು ಮನಸ್ಸಿನಲ್ಲಿಟ್ಟುಕೊಂಡಿದ್ದ ಪಂದ್ಯವನ್ನೇ ಅವರು ಎತ್ತಿಕೊಂಡಿದ್ದರು. ಕರೈಗೆ ಉಳಿದದ್ದು ದೊಡ್ಡ ಹೆಸರಿನ ಸಪ್ಪೆ ಪಂದ್ಯ. ಮೊದಲ ಸಲ ಅದನ್ನು ಕಾಕತಾಳೀಯ ಎಂದುಕೊಂಡಿದ್ದಳು. ಈಗ ಹಾಗೆಂದುಕೊಳ್ಳುವಷ್ಟು ಭೋಳೆ ಅವಳಲ್ಲ.

*

ಬಾಬು ಅವರ ಹೋಟೆಲು ಕಚೇರಿಯಿಂದ ಕೂಗಳತೆಯಲ್ಲಿತ್ತು. ಕುಂದಾಪುರದ ಕಡೆಯಿಂದ ಅವರ ತಂದೆ ಬಂದು ಹಾಕಿದ ಹೋಟೆಲು. ಕ್ರೀಡಾ ವಾಹಿನಿಯವರೂ ಅವರ ಎದುರಾಳಿಗಳೂ ಒಂದೇ ಸಾಂಬಾರಿಗೆ ಸಾಲು ನಿಲ್ಲುವ ಸ್ಥಳ. ಮಿಥುನ್ ಅವರ ಅಕ್ಕನ ಮಗ.

"ಬನ್ನಿ ಅಕ್ಕಾ, ಕೂತ್ಕೊಳ್ಳಿ. ಈ ಮಾಣಿ ನಿನ್ನೆ ರಾತ್ರಿ ನಿಮ್ಮನ್ನು ಹೆದರಿಸಿದ್ನಂತೆ," ಎಂದರು ಬಾಬು. "ಫೋನ್ ಮಾಡು ಮಾರಾಯ ಅಂದೆ. ಫೋನಲ್ಲಿ ಹೇಳುವ ವಿಷಯ ಅಲ್ಲ ಅಂತ ಬೈಕ್ ಹತ್ತಿ ಹೋದ."

"ಹೋದಲ್ಲಿ ಏನೂ ಹೇಳದೆ ವಾಪಸ್ ಬಂದ," ಎಂದಳು ಶ್ರೀಪ್ರಿಯಾ.

"ಹೇಗೆ ಹೇಳುದು ಮೇಡಂ? ಯಾರ ವಿಷಯ ಹೇಳ್ಬೇಕಿತ್ತೋ ಅವರೇ ಒಳಗೆ ಊಟಕ್ಕೆ ಕೂತಿದ್ರು!" ಎಂದ ಮಿಥುನ್.

ಬಾಬು ಮೇಜಿನ ಮೇಲೆ ಮೊಣಕೈ ಊರಿ ದನಿ ತಗ್ಗಿಸಿದರು. ಹಿಂದಿನ ಸಂಜೆ ಎದುರಾಳಿ ವಾಹಿನಿಯ ಇಬ್ಬರು ಒಳಗಿನ ಮೇಜಿನಲ್ಲಿ ಕೂತಿದ್ದರು. ಅವರ ಜೊತೆ ಸಮೀರ್ ಇದ್ದ. ಕಾಫಿ ಕುಡಿದು ಅವನು ಮೊದಲು ಎದ್ದುಹೋದ. ಅವನು ಹೋದ ಮೇಲೆ ಆ ಇಬ್ಬರು ಬಾಯಿ ತುಂಬ ನಕ್ಕರು. "ಆ ಅಮ್ಮ ಆರಿಸ್ತಾಳೆ, ನಾವು ಎತ್ಕೋತೀವಿ. ಅವರ ಮೇಜಿನಲ್ಲೇ ನಮ್ಮವನು ಇರೋವಾಗ ನಾವ್ಯಾಕೆ ತಲೆ ಕೆಡಿಸ್ಕೋಬೇಕು," ಎಂದು ಒಬ್ಬ ತಮಿಳಿನಲ್ಲಿ ಹೇಳಿದ್ದನ್ನು ಬಾಬು ಕಿವಿಯಾರೆ ಕೇಳಿದ್ದರು.

"ಹೆಸರು ಹೇಳಿದ್ರಾ?"

"ಇಲ್ಲ ಅಕ್ಕಾ. ಹೆಸರು ಹೇಳಿದ್ರೆ ನಾನೇ ನಿಮ್ಮ ಆಫೀಸಿಗೆ ಬಂದು ಅವನ ಕೈಗೇ ಬಿಲ್ ಕೊಟ್ಟು ಹೋಗ್ತಿದ್ದೆ."

ಶ್ರೀಪ್ರಿಯಾ ಕಾಫಿಯ ಲೋಟವನ್ನು ಕೆಳಗಿಟ್ಟಳು. ಅವಳ ಮೇಜು ಎಂದರೆ ನಾಲ್ವರು. ಆರಿಸುವವಳು ಅವಳು. ಹೆಸರುಗಳ ಉಚ್ಚಾರಣೆ, ತಂಡಗಳ ಚರಿತ್ರೆ ಸಿದ್ಧಮಾಡಿಕೊಳ್ಳಲು ಮಿಥುನ್‌ಗೆ ಪಂದ್ಯ ಮೊದಲೇ ತಿಳಿಯಬೇಕು. ಜಾಹೀರಾತು ಮಾರಲು ಸಮೀರ್‌ಗೆ ತಿಳಿಯಬೇಕು. ಒಪ್ಪಿಗೆ ಕೊಡಲು ಚೆನ್ನೈ ಕೇಂದ್ರದ ಮುಖ್ಯಸ್ಥ ವಿಶ್ವನಾಥ ಅವರಿಗೆ ತಿಳಿಯಬೇಕು. ಪ್ರತಿ ಗುರುವಾರ ಬಾಗಿಲು ಮುಚ್ಚಿ, ತಮಿಳು ಸಹೋದ್ಯೋಗಿಗಳ ಕಿವಿಗೆ ಬಿದ್ದರೂ ತಿಳಿಯದ ಕನ್ನಡದಲ್ಲಿ ಅವರು ಮಾತಾಡುತ್ತಿದ್ದರು. ಆ ಕನ್ನಡವೇ ತಮ್ಮ ಬೀಗವೆಂದು ಎಲ್ಲರೂ ನಂಬಿದ್ದರು.

"ಮೇಜಿನವರು ಅಂದ್ರೆ ನೀನೂ ಸೇರ್ತೀಯ ಮಿಥುನ್."

"ಸೇರ್ತೇನೆ. ಅದಕ್ಕೇ ನನಗೂ ಹೇಳ್ಬೇಡಿ ಅಂದದ್ದು," ಎಂದ ಅವನು. "ನನ್ನನ್ನು ನಂಬಿ ಅಂತ ನಾನೇ ಹೇಳಿದ್ರೆ ಅದಕ್ಕೆ ಎಂತ ಬೆಲೆ?"

*

ಅದೇ ಮಧ್ಯಾಹ್ನ ಮುಂಬೈಯಿಂದ ಉಷಾ ಅವರ ವಿಡಿಯೋ ಕರೆ ಬಂತು. ಧಾರವಾಡದ ಉಷಾ ಇಡೀ ಸಂಸ್ಥೆಯ ಕಾರ್ಯಕ್ರಮ ವಿಭಾಗದ ಮುಖ್ಯಸ್ಥೆ. ಸುತ್ತು ಬಳಸಿ ಮಾತಾಡುವ ಅಭ್ಯಾಸ ಅವರಿಗಿರಲಿಲ್ಲ.

"ನೋಡ್ರಿ ಶ್ರೀಪ್ರಿಯಾ, ನಿಮ್ಮ ಕಣ್ಣಿನ ಬಗ್ಗೆ ನನಗ ಅನುಮಾನ ಇಲ್ಲ. ಆದ್ರ ನಿಮ್ಮ ಮನಿ ಗ್ವಾಡಿಗೆ ತೂತು ಬಿದ್ದದ. ಈ ಸುತ್ತಿನ ಆಯ್ಕಿ ಮುಗಿಯೋದ್ರಾಗ ಆ ತೂತು ಎಲ್ಲೈತಿ ಅಂತ ತೋರಸ್ರಿ. ಇಲ್ಲಂದ್ರ ಮುಂದಿನ ಸುತ್ತಿನಿಂದ ಪಂದ್ಯ ಆರಿಸೋದು ಮುಂಬೈಗೆ ಬರ್ತದ. ಕಂಪ್ಯೂಟರ್ ಆರಿಸ್ತದ."

"ಕಂಪ್ಯೂಟರಿಗೆ ವ್ಯಾಸರ್ಪಾಡಿ ಗೊತ್ತಾ ಮೇಡಂ?"

"ಗೊತ್ತಿಲ್ಲ. ಆದ್ರ ಅದು ಯಾರ ಜೋಡಿನೂ ಕಾಫಿ ಕುಡಿಯೋದಿಲ್ಲ."

"ಒಂದು ಅನುಕೂಲ ಮಾಡಿಕೊಡಿ," ಎಂದಳು ಶ್ರೀಪ್ರಿಯಾ. "ಈ ಸಲ ನಾನು ಯಾರಿಗೂ ಪಂದ್ಯ ಹೇಳಲ್ಲ. ನಿಮಗೂ ಹೇಳಲ್ಲ. ನೇರವಾಗಿ ಲೀಗಿಗೆ ಕಳಿಸ್ತೀನಿ. ಶುಕ್ರವಾರ ನೀವು ಚೆನ್ನೈಗೆ ಬನ್ನಿ. ನಿಮ್ಮೆದುರೇ ಆ ಕಳ್ಳನ ಹೆಸರು ಹೇಳ್ತೀನಿ."

ಉಷಾ ಪರದೆಯ ಮೇಲೆ ಅವಳನ್ನು ಕ್ಷಣಕಾಲ ದಿಟ್ಟಿಸಿದರು. "ಹೇಳ್ತೀನಿ ಅಂತೀರಿ. ಹೇಳಬಹುದು ಅಂತಿಲ್ಲ."

"ಹೇಳ್ತೀನಿ."

ಕರೆ ಮುಗಿದಾಗ ವಿಶ್ವನಾಥ ಬಾಗಿಲಲ್ಲಿ ನಿಂತಿದ್ದರು. ಮೈಸೂರಿನಿಂದ ಬಂದು ಟಿ. ನಗರದಲ್ಲಿ ಮನೆ ಮಾಡಿದ ಅವರು, ಈ ವಾಹಿನಿಗೆ ಶ್ರೀಪ್ರಿಯಾಳನ್ನು ಕರೆತಂದವರು. ಅವಳ ಮೊದಲ ತಪ್ಪುಗಳನ್ನು ತಮ್ಮ ಹೆಸರಿಗೆ ಹಾಕಿಕೊಂಡವರು.

"ಬೇಜಾರು ಮಾಡ್ಕೋಬೇಡ ಕಣಮ್ಮ. ಕಂಪ್ಯೂಟರಿಂದ ಪಂದ್ಯ ಆರಿಸೋ ಮುಂಬೈಯವರ ಹೊಸ ವಿಭಾಗಕ್ಕೆ ನನ್ನನ್ನೇ ಮುಖ್ಯಸ್ಥನಾಗಿ ಬಾ ಅಂತಿದಾರೆ. ನಾನಿನ್ನೂ ಹೂಂ ಅಂದಿಲ್ಲ. ಹೋದರೂ ನಿನ್ನನ್ನು ಬಿಟ್ಟು ಹೋಗ್ತೀನಾ?" ಎಂದರು. ಆಮೇಲೆ ಕೇಳಿದರು: "ಈ ಸಲ ಯಾವುದು? ನನಗೊಬ್ಬನಿಗೆ ಹೇಳು ಸಾಕು, ಆ ಹುಡುಗರಿಗೆ ಬೇಡ."

"ಕ್ಷಮಿಸಿ ಸರ್. ಈ ಸಲ ಯಾರಿಗೂ ಇಲ್ಲ."

"ಭೇಷ್," ಎಂದು ಅವರು ನಕ್ಕರು. "ಹಾಗಿರಬೇಕು."

ಸಂಜೆ ಅವಳು ಸಮೀರ್‌ನನ್ನು ಲಿಫ್ಟಿನ ಬಳಿ ಹಿಡಿದಳು. "ನಿನ್ನೆ ಬಾಬು ಹೋಟೆಲಲ್ಲಿ ಯಾರ ಜೊತೆ ಕೂತಿದ್ದೆಯೋ?"

"ಎದುರು ಕಂಪೆನಿಯವರ ಜೊತೆ." ಅವನು ಒಂದು ಕ್ಷಣವೂ ತಡೆಯಲಿಲ್ಲ. "ಕೆಲಸ ಕೊಡ್ತೀವಿ, ಬಾ ಅಂದ್ರು. ವರಲೆ ಪಾ, ಬರಲ್ಲ ಅಂದೆ. ನಿನಗೆ ಹೇಳಿದ್ರೆ ದೊಡ್ಡಮ್ಮನಿಗೆ ಹೇಳ್ತೀಯ, ದೊಡ್ಡಮ್ಮ ಇಡೀ ಮೈಲಾಪೂರಿಗೆ ಹೇಳ್ತಾಳೆ. ಅದಕ್ಕೆ ಸುಮ್ಮನಿದ್ದೆ. ಯಾಕಕ್ಕಾ, ಪೊಲೀಸ್ ಥರ ಕೇಳ್ತಿದೀಯ?"

"ಪೊಲೀಸ್ ಆಗಿದ್ರೆ ಲಿಫ್ಟ್ ಹತ್ರ ಕೇಳ್ತಿರಲಿಲ್ಲ."

ಅವನು ನಕ್ಕ. ಅದು ನಿಜದ ನಗುವೇ ಇರಬಹುದು. ಆದರೆ ಸಮೀರ್ ಜಾಹೀರಾತು ಮಾರುವವನು. ಅವನ ನಗುವಿನ ಮೇಲೆ ಅವಳು ಯಾವುದನ್ನೂ ತೀರ್ಮಾನಿಸುವಂತಿರಲಿಲ್ಲ.

*

ಈ ಸುತ್ತಿನಲ್ಲಿ ಎದುರಾಳಿಗಳ ಸರದಿ ಮೊದಲು. ಹತ್ತು ಪಂದ್ಯಗಳಲ್ಲಿ ಮಾತಿಗೆ ಬರುವಂಥವು ಮೂರು.

ಭಾನುವಾರ ಸಂಜೆ ರೆಗಾಲೆ ಕ್ಲಬ್ಬಿನದು. ಆ ಹೆಸರಿನ ಅಂಗಿ ತೊಟ್ಟವರು ಮರೀನಾ ಬೀಚಿನಲ್ಲಿಯೂ ಸಿಗುತ್ತಾರೆ. ಆದರೆ ಆ ವಾರ ರೆಗಾಲೆಗೆ ಕಪ್ ಪಂದ್ಯವಿತ್ತು, ಭಾನುವಾರ ಆಡುವವರೆಲ್ಲ ಬದಲಿ ಆಟಗಾರರು. ಜೊತೆಗೆ ಭಾರತದ ಕ್ರಿಕೆಟ್. ಶುಕ್ರವಾರ ರಾತ್ರಿಯದು ಬೆಲ್ಫಾರೊ ಮತ್ತು ತ್ರೆಮೋನಾ ನಡುವಿನದು. ಗೆದ್ದರೂ ಮೇಲೇರದ, ಸೋತರೂ ಕೆಳಗಿಳಿಯದ ಎರಡು ತಂಡಗಳು. ಶನಿವಾರ ರಾತ್ರಿಯದು ಸಾಂತಾ ಮರೀನಾ ಮತ್ತು ಕೊರ್ವೊ. ಎರಡೂ ಬಂದರಿನ ಊರುಗಳು, ಎರಡೂ ಕೆಳ ದರ್ಜೆಗೆ ಬೀಳುವ ಅಂಚಿನಲ್ಲಿದ್ದವು. ಸಾಂತಾ ಮರೀನಾ ಹೊರದಬ್ಬಿದ ತರಬೇತುದಾರನನ್ನೇ ಕೊರ್ವೊ ಸೇರಿಸಿಕೊಂಡಿತ್ತು. ಆತ ಮೊದಲ ಬಾರಿ ಹಳೆಯ ಮೈದಾನಕ್ಕೆ ಮರಳುತ್ತಿದ್ದ. ಮೈದಾನ ಎಷ್ಟು ಚಿಕ್ಕದೆಂದರೆ ಜನರ ಬೈಗುಳ ಮೈಕಿಗೆ ಬೀಳುತ್ತಿತ್ತು.

ಶ್ರೀಪ್ರಿಯಾಳಿಗೆ ಬೇಕಾದದ್ದು ಶನಿವಾರ ರಾತ್ರಿಯ ಪಂದ್ಯ. ಶುಕ್ರವಾರ ರಾತ್ರಿಯದೂ ಅದೂ ಭಾರತದ ಗಡಿಯಾರದಲ್ಲಿ ನಡುರಾತ್ರಿ ದಾಟಿ ಶುರುವಾಗಿ ಮರುದಿನ ಬೆಳಗಿನ ಜಾವಕ್ಕೆ ಮುಗಿಯುವಂಥವು.

ಬುಧವಾರ ಅವಳು ಮನೆಯಲ್ಲಿ ಊಟಕ್ಕೆ ಕೂತಾಗ ಕೌಸಲ್ಯಾ ಮಠದ ಪಂಚಾಂಗ ಹಿಡಿದು ಫೋನಿನಲ್ಲಿದ್ದರು.

"ಅಲ್ಲ ಜಯಲಕ್ಷ್ಮಮ್ಮ, ನಿಮಗೆ ಶುಕ್ರವಾರ ಸರಿ. ತಮಿಳು ಕ್ಯಾಲೆಂಡರಲ್ಲೂ ಏಕಾದಶಿ ಶುಕ್ರವಾರಾನೇ ಹಾಕಿದಾನೆ. ನಮಗೆ ಅವತ್ತು ಬೆಳಗಿನ ಜಾವ ದಶಮಿ ಇನ್ನೂ ಉಳಿದಿರತ್ತೆ. ದಶಮಿ ಸೋಂಕಿದ್ದು ನಾವು ಮಾಡಲ್ಲ. ನಮ್ಮದು ಶನಿವಾರ ಉಪವಾಸ, ಭಾನುವಾರ ಬೆಳಿಗ್ಗೆ ಪಾರಣೆ ಮಾಡಿ ಉಪವಾಸ ಬಿಡೋದು."

ಫೋನಿಟ್ಟು ಮಗಳತ್ತ ತಿರುಗಿದರು. "ಕೆಳಗಿನ ಮನೆಯವರು. ಸ್ಮಾರ್ತರು, ಅವರು ಒಂದು ದಿನ ಮುಂಚೆ. ಪ್ರತಿ ಸಲ ನಮ್ಮನ್ನೂ ಶುಕ್ರವಾರ ಉಪವಾಸ, ಪಟ್ಟಿನಿ ಹಾಕಿಸೋಕೆ ನೋಡ್ತಾರೆ."

"ಯಾವ ಏಕಾದಶಿ ಅಮ್ಮಾ?"

"ಕಾರ್ತೀಕದ್ದು. ಮೂರು ವಾರ ಇದೆ ಕಣ್ಣಾ. ಸಮೀರ್ ಆಗಲೇ ಕೇಳಿದ: ದೊಡ್ಡಮ್ಮಾ, ಶುಕ್ರವಾರ ಹೊಟ್ಟೆ ತುಂಬ ಹಾಕಿಬಿಡು, ಶನಿವಾರ ಹೇಗೂ ನೀರಿಲ್ಲ ಅಂತ. ಆಟ ಆಟ ಅಂತ ಅಲೆದರೂ ಆ ಹುಡುಗ ಪಂಚಾಂಗ ಬಿಟ್ಟಿಲ್ಲ."

ಶ್ರೀಪ್ರಿಯಾಳ ಕೈ ತಟ್ಟೆಯ ಮೇಲೆಯೇ ನಿಂತಿತು. ಮೂರು ವಾರಗಳ ನಂತರದ ಶುಕ್ರವಾರ, ಶನಿವಾರ. ಅದೇ ಸುತ್ತು.

"ಏನೇ? ಉಪ್ಪು ಕಡಿಮೆಯಾ?"

"ಎಲ್ಲ ಸರಿಯಾಗಿದೆ ಅಮ್ಮಾ," ಎಂದಳು ಅವಳು. "ತುಂಬಾ ಸರಿಯಾಗಿದೆ."

*

ಗುರುವಾರದ ಸಭೆಗೆ ಮೇಜಿನ ಸುತ್ತ ಅದೇ ನಾಲ್ವರು. ಬಾಗಿಲು ಮುಚ್ಚಿತ್ತು. ಗೋಡೆಯ ಮೇಲೆ ಜವಳಿ ಅಂಗಡಿಯೊಂದು ಕೊಟ್ಟ ತಮಿಳು ಕ್ಯಾಲೆಂಡರ್ ತೂಗುತ್ತಿತ್ತು.

"ಪಂದ್ಯ ಯಾವುದು ಅಂತ ಈ ಸಲ ಹೇಳಲ್ಲ," ಎಂದು ಶ್ರೀಪ್ರಿಯಾ ಶುರುಮಾಡಿದಳು. "ಕಾರಣ ನಿಮ್ಮೆಲ್ಲರಿಗೂ ಗೊತ್ತು."

"ನಾನು ಯಾವ ತಂಡದ ಹೆಸರು ಬಾಯಿಪಾಠ ಮಾಡುದು?" ಮಿಥುನ್ ಕೇಳಿದ.

"ಎಲ್ಲವನ್ನೂ ಮಾಡು. ಸಂಬಳ ತಗೋತೀಯಲ್ಲ," ಎಂದ ಸಮೀರ್.

"ನೀವೂ ಎಲ್ಲ ಪಂದ್ಯಕ್ಕೂ ಜಾಹೀರಾತು ಮಾರಿ ಸಾರ್. ಕಮಿಷನ್ ತಗೋತೀರಲ್ಲ."

ವಿಶ್ವನಾಥ ಕೈ ಎತ್ತಿ ಇಬ್ಬರನ್ನೂ ಸುಮ್ಮನಾಗಿಸಿದರು. "ಪಂದ್ಯ ಬೇಡ. ಪ್ರಸಾರದ ಹೊತ್ತಿಗೆ ಸ್ಟುಡಿಯೋದಲ್ಲಿ ಯಾರಿರ್ತಾರೆ ಅಂತಾದರೂ ಹೇಳಮ್ಮ. ಪಾಳಿ ಹಾಕಬೇಕಲ್ಲ."

ಆ ಪ್ರಶ್ನೆ ಬಾರದಿದ್ದರೆ ಅವಳೇ ಅದನ್ನು ಎತ್ತುವವಳಿದ್ದಳು. ಎದುರಿಗಿದ್ದ ಫೈಲನ್ನು ಮುಚ್ಚುತ್ತ, ಅಷ್ಟೇನೂ ಮುಖ್ಯವಲ್ಲದ ಮಾತೆಂಬಂತೆ ಹೇಳಿದಳು:

"ನಾನೇ ಇರ್ತೀನಿ ಸರ್. ರಾತ್ರಿ ಪೂರ್ತಿ. ಪಂದ್ಯ ಮುಗಿಸಿ ಪಾರಣೆನೂ ಸ್ಟುಡಿಯೋದಲ್ಲೇ ಮಾಡ್ತೀನಿ, ಮನೆಗೆ ಹೋಗೋಕೆ ಹೊತ್ತಿರಲ್ಲ."

"ಪಾರಣೆ ಅಂದ್ರೆ ಎಂತ ಮೇಡಂ?" ಎಂದ ಮಿಥುನ್.

"ತಿಂಡಿ ಕಣೋ. ಬೆಳಗಿನ ತಿಂಡಿ," ಸಮೀರ್ ಕೈ ಬೀಸಿದ. "ನಿನಗೆ ದಿನಾ ಮೂರು ಸಲ ಆಗೋ ಅಂಥದ್ದು. ಪ್ರಿಯಕ್ಕಾ, ದೊಡ್ಡಮ್ಮ ಒಪ್ಪಿದ್ರಾ?"

"ಒಪ್ಪಿಸ್ತೀನಿ."

"ಅವತ್ತು ನಮ್ಮನೆಯವಳೂ ಬೆಳಗಾಗೋದ್ರೊಳಗೆ ಎಲೆ ಹಾಕಿರ್ತಾಳೆ," ವಿಶ್ವನಾಥ ಎದ್ದು ನಿಂತು ಮೈ ಮುರಿದರು. "ಬೇಕಾದ್ರೆ ನಿನಗೂ ಒಂದು ಕ್ಯಾರಿಯರ್ ತರಿಸ್ತೀನಿ. ಹಸಿದುಕೊಂಡು ಕೆಲಸ ಮಾಡಬೇಡ."

"ಬೇಡ ಸರ್, ತೊಂದರೆ ಯಾಕೆ."

ಸಭೆ ಮುಗಿಯಿತು. ಅವಳು ಒಂದೇ ಒಂದು ಸುಳ್ಳನ್ನೂ ಹೇಳಿರಲಿಲ್ಲ. ಪಂದ್ಯ, ರಾತ್ರಿ, ಪಾರಣೆ, ಎಲ್ಲವೂ ನಿಜ. ಬಲೆಗೆ ಅವಳು ಇಟ್ಟದ್ದು ತನ್ನ ನಿಜವಾದ ಆಯ್ಕೆಯನ್ನೇ. ಅದನ್ನು ಸರಿಯಾಗಿ ಓದಬಲ್ಲವನು ಕಳ್ಳನಾಗಿದ್ದರೆ ಆ ಪಂದ್ಯ ಕೈತಪ್ಪುತ್ತದೆ. ಆ ಪಂದ್ಯದ ಜೊತೆಗೆ ತಾಯಿಯ ಊಟದ ಮೇಜಿನಿಂದ ಒಂದು ತಟ್ಟೆಯೂ ಹೋಗುತ್ತದೆ.

*

ಶುಕ್ರವಾರ ಮಧ್ಯಾಹ್ನ ಉಷಾ ವಿಮಾನ ನಿಲ್ದಾಣದಿಂದ ನೇರವಾಗಿ ಬಂದರು. ಗಾಜಿನ ಗೋಡೆಯ ಕೋಣೆಯಲ್ಲಿ ಇಬ್ಬರೇ ಕೂತರು. ಮೇಜಿನ ಮೇಲೆ ಶ್ರೀಪ್ರಿಯಾಳ ಲ್ಯಾಪ್‌ಟಾಪ್ ತೆರೆದಿತ್ತು. ಎದುರಾಳಿಗಳ ಆಯ್ಕೆ ದಾಖಲಾದ ಕೂಡಲೇ ಲೀಗಿನಿಂದ ಸಂದೇಶ ಬರಬೇಕು. ಗಾಜಿನಾಚೆ ಮೂವರೂ ಕಾಣುತ್ತಿದ್ದರು. ಮಿಥುನ್ ಗೋಡೆಗೆ ಒರಗಿ ತುಟಿ ಅಲ್ಲಾಡಿಸುತ್ತ ಯಾವುದೋ ತಂಡದ ಹೆಸರುಗಳನ್ನು ಒಪ್ಪಿಸಿಕೊಳ್ಳುತ್ತಿದ್ದ. ಸಮೀರ್ ಫೋನಿನಲ್ಲಿ ಯಾರಿಗೋ ಏನನ್ನೋ ಮಾರುತ್ತಿದ್ದ. ವಿಶ್ವನಾಥ ಬಾಬು ಅವರ ಹೋಟೆಲಿನಿಂದ ತರಿಸಿದ ಬೋಂಡಾಗಳನ್ನು ಎಲ್ಲರಿಗೂ ಹಂಚಿಸುತ್ತಿದ್ದರು.

"ಹೇಳ್ರಿ," ಎಂದರು ಉಷಾ. "ಏನು ಮಾಡೀರಿ?"

"ಒಂದು ಮಾತಾಡಿದೆ ಮೇಡಂ. ಅಷ್ಟೇ."

ಅವಳು ಆ ಮಾತನ್ನು ಹೇಳಿದಳು. ಉಷಾ ಹುಬ್ಬು ಗಂಟಿಕ್ಕಿದರು.

"ಪಾರಣಿ? ನಮ್ಮ ಅಜ್ಜಿ ಮಾಡ್ತಿದ್ಲು. ಅದರಾಗ ಪಂದ್ಯದ ಸುದ್ದಿ ಎಲ್ಲೈತಿ?"

"ಪಾರಣೆ ಯಾವ ದಿನ ಅಂತ ಗೊತ್ತಾದರೆ ಪಂದ್ಯ ಯಾವ ರಾತ್ರಿ ಅಂತ ಗೊತ್ತಾಗತ್ತೆ. ಆದರೆ ಎಲ್ಲರ ಮನೆಯಲ್ಲೂ ಅದು ಒಂದೇ ದಿನ ಅಲ್ಲ. ಈ ಸಲ ನಮ್ಮಂಥ ಮಾಧ್ವರ ಮನೆಯಲ್ಲಿ ಶನಿವಾರ ಉಪವಾಸ, ಭಾನುವಾರ ಪಾರಣೆ. ಆ ಲೆಕ್ಕ ಹಿಡಿದವರು ನನ್ನದು ಶನಿವಾರ ರಾತ್ರಿಯ ಪಂದ್ಯ ಅಂತ ಓದ್ತಾರೆ. ಸ್ಮಾರ್ತರ ಮನೆಯಲ್ಲಿ ಶುಕ್ರವಾರ ಉಪವಾಸ, ಶನಿವಾರ ಪಾರಣೆ. ಅವರು ಶುಕ್ರವಾರ ರಾತ್ರಿಯದು ಅಂದುಕೊಳ್ತಾರೆ. ಈ ಎರಡೂ ಗೊತ್ತಿಲ್ಲದವರಿಗೆ ಅದು ಬರೀ ತಿಂಡಿ. ಅವರಿಂದ ಎದುರು ವಾಹಿನಿಗೆ ಏನೂ ಸಿಗಲ್ಲ. ಸಿಗದಿದ್ದರೆ ಅವರು ಹಳೇ ಅಭ್ಯಾಸದಂತೆ ದೊಡ್ಡ ಹೆಸರು ಹಿಡೀತಾರೆ, ಭಾನುವಾರದ ರೆಗಾಲೆ."

"ಗೊತ್ತಿಲ್ಲದವ ಯಾರನ್ನಾದ್ರೂ ಕೇಳಿ ತಿಳ್ಕೊಂಡ್ರ?"

"ಕಳ್ಳನಾಗಿದ್ದರೆ ಗುಟ್ಟಾಗಿ ಕೇಳ್ತಿದ್ದ. ಅವನು ಎಲ್ಲರೆದುರು ಕೇಳಿದ."

ಉಷಾ ಕುರ್ಚಿಗೆ ಒರಗಿದರು. ಅವರ ತುಟಿಯ ಅಂಚಿನಲ್ಲಿ ಮೊದಲ ಬಾರಿಗೆ ನಗುವಿನ ಎಳೆ ಕಂಡಿತು. "ಅಲ್ರಿ, ಒಂದು ಊಟದ ಮಾತಿನಾಗ ಮೂರು ಬಾಗಿಲು ಮಾಡೀರಿ. ಯಾವ ಬಾಗಿಲಿನಿಂದ ಬರ್ತಾನ ಅಂತ ನೋಡೋದಷ್ಟ."

"ಹೌದು."

"ನಿಮಗ ಖರೇನ ಯಾವ ಪಂದ್ಯ ಬೇಕು?"

"ಅದು ಕೈಗೆ ಬಂದ ಮೇಲೆ ಹೇಳ್ತೀನಿ."

ಗಾಜಿನಾಚೆ ಸಮೀರ್ ಫೋನಿಟ್ಟು ಇವಳತ್ತ ನೋಡಿದ. ಹೊಟ್ಟೆಯ ಮೇಲೆ ಕೈಯಿಟ್ಟು ಬೋಂಡಾ ಬೇಕೇ ಎಂದು ಸನ್ನೆ ಮಾಡಿದ. ಅವಳು ಬೇಡವೆಂದು ತಲೆಯಾಡಿಸಿದಳು. ಆ ಹುಡುಗನಿಗೆ ಸೈಕಲ್ ಕಲಿಸಿದವಳು ಅವಳೇ. ಅವನು ಶನಿವಾರದ ಬಾಗಿಲಿನಿಂದ ಬಂದರೆ, ಅದನ್ನು ಕೌಸಲ್ಯಾಗೆ ಯಾವ ಭಾಷೆಯಲ್ಲಿ ಹೇಳಬೇಕೆಂಬುದು ಅವಳಿಗೆ ತಿಳಿಯದು. ಆದರೂ ಅವಳ ಬೆನ್ನು ನೇರವಾಗಿಯೇ ಇತ್ತು. ಯಾರೇ ಬಂದರೂ ಹೆಸರು ಹೇಳುವುದಾಗಿ ಮಾತು ಕೊಟ್ಟಿದ್ದಳು.

ಲ್ಯಾಪ್‌ಟಾಪ್ ಸಣ್ಣಗೆ ಸದ್ದು ಮಾಡಿತು.

ಉಷಾ ಮುಂದೆ ಬಾಗಿದರು. ಸಂದೇಶ ಒಂದೇ ಸಾಲಿನದು. ಅದನ್ನು ಓದಿದ ಉಷಾ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಇನ್ನೊಮ್ಮೆ ಓದಿದರು.

"ಬೆಲ್ಫಾರೊ, ತ್ರೆಮೋನಾ," ಎಂದರು. "ಇದನ್ನ ಯಾರು ನೋಡ್ತಾರ್ರಿ? ಅವರ ಊರಿನವರೂ ನೋಡೋದಿಲ್ಲ!"

ಶ್ರೀಪ್ರಿಯಾಳ ಬೆರಳು ಆಗಲೇ ಕೀಲಿಗಳ ಮೇಲಿತ್ತು. ಎರಡನೆಯ ಸರದಿಯ ಜಾಗದಲ್ಲಿ ಸಾಂತಾ ಮರೀನಾ ಮತ್ತು ಕೊರ್ವೊ ಎಂದು ಗುರುತಿಸಿ ಕಳುಹಿಸಿದಳು. ಲೀಗಿನ ಒಪ್ಪಿಗೆ ಮರುಕ್ಷಣವೇ ಬಂತು. ಶನಿವಾರ ರಾತ್ರಿಯ ಪಂದ್ಯ ಕರೈಯದಾಯಿತು. ಆ ರಾತ್ರಿ ತಮಿಳುನಾಡಿನಲ್ಲಿ ಇನ್ನಾರೂ ಅದನ್ನು ಟಿ.ವಿ.ಯಲ್ಲಿ ತೋರಿಸುವಂತಿರಲಿಲ್ಲ.

ಉಷಾ ಪರದೆಯನ್ನೂ ಅವಳನ್ನೂ ನೋಡಿದರು.

"ಇದಾ ನಿಮಗ ಬೇಕಾಗಿದ್ದು?"

"ಮೊದಲ ದಿನದಿಂದ."

"ಹಂಗಂದ್ರ ಅವರು ತಮ್ಮ ಮೊದಲ ಸರದಿನ ಕಸಕ್ಕ ಹಾಕಿದ್ರು. ನಿಮ್ಮ ಕಣ್ಣಿನ ಮ್ಯಾಲೆ ನಮಗಿಂತ ಅವರಿಗೇ ವಿಶ್ವಾಸ ಜಾಸ್ತಿ ನೋಡ್ರಿ." ಉಷಾ ಜೋರಾಗಿ ನಕ್ಕರು, ಗಾಜಿನಾಚೆಯ ಮೂವರೂ ತಿರುಗಿ ನೋಡಿದರು. "ಆಯ್ಕಿ ಇಲ್ಲೇ ಇರ್ತದ. ಮುಂಬೈಗೆ ನಾನು ಹೇಳ್ತೀನಿ, ಕಂಪ್ಯೂಟರ್ ಬ್ಯಾರೆ ಕೆಲಸ ನೋಡ್ಕೊಳ್ಳಲಿ. ಇನ್ನ ನಿಮ್ಮ ಮಾತು ಉಳೀತು. ಶುಕ್ರವಾರ ಉಪವಾಸ, ಶನಿವಾರ ಪಾರಣಿ. ಆ ಸ್ಮಾರ್ತರ ಮನಿ ಯಾರದು?"

ಶ್ರೀಪ್ರಿಯಾ ಲ್ಯಾಪ್‌ಟಾಪ್ ಮುಚ್ಚಿ ಎದ್ದು ನಿಂತಳು. ಗಾಜಿನಾಚೆ ಮಿಥುನ್ ಹೆಸರುಗಳನ್ನು ಒಪ್ಪಿಸುವುದನ್ನು ನಿಲ್ಲಿಸಿದ್ದ. ಸಮೀರ್ ಬೋಂಡಾ ಹಿಡಿದ ಕೈಯನ್ನು ಅರ್ಧಕ್ಕೇ ತಡೆದಿದ್ದ. ಮೂರನೆಯವರು ನಗುನಗುತ್ತ, ಒಳಗೆ ಬರಬಹುದೇ ಎಂದು ಬಾಗಿಲಿನ ಹಿಡಿಗೆ ಕೈ ಹಾಕಿದ್ದರು.

"ವಿಶ್ವನಾಥ ಅವರದು."